ಹಾಡಿನ ಕೆಳಗಿನ ಸಣ್ಣಕ್ಷರ: ಮಾವನ ಜೊತೆ ಫಿಲಡೆಲ್ಫಿಯಾದಿಂದ ನ್ಯೂಬರಿಪೋರ್ಟ್ ತನಕ

ಹಳೇ ಅಮೆರಿಕದ ಬಿಡಿ ಹಾಳೆ ಪದ್ಯಗಳನ್ನ ಸೇರಿಸೋ ಹುಚ್ಚು ನಂಗೆ ಹತ್ತಿ ಕೆಲವು ವರ್ಷ ಆಯ್ತು. ಒಂದೇ ಹಾಳೆ, ಒಂದೇ ಬದಿ ಪ್ರಿಂಟು, ಲಾವಣಿ ಇರಬಹುದು, ಚರ್ಚಿನ ಸ್ತೋತ್ರ ಇರಬಹುದು, ಯಾರೋ ಸತ್ತಿದ್ದಕ್ಕೆ ಬರೆದ ಪದ್ಯ, ಯುದ್ಧದ ಹಾಡು, ಇವನ್ನ ರಸ್ತೇಲಿ ಕೂಗಿ ಕೂಗಿ ಮಾರ್ತಿದ್ರು. ಇಲ್ಲಿಯವರು ಇದಕ್ಕೆ ಬ್ರಾಡ್‌ಸೈಡ್ ಅಂತಾರೆ, ಸಣ್ಣದಾದ್ರೆ ಸಾಂಗ್ ಶೀಟ್. ದೊಡ್ಡೋರ ಶೋಕಿ ಅನ್ಕೋಬೇಡಿ, 1860ರ ದಶಕದ ಹಾಡಿನ ಹಾಳೆ ಇಬ್ರು ಹೋಟೆಲಲ್ಲಿ ಊಟ ಮಾಡೋ ದುಡ್ಡಿಗೆ ಸಿಗುತ್ತೆ. 1700ರ ಕಾಲದ್ದೇ ಬೇಕು ಅಂತ ಹೊರಟ್ರೆ ಮಾತ್ರ ಮನೆ ಲೋನು ನೆನಪಿಗೆ ಬರುತ್ತೆ, ಅದಕ್ಕೇ ಅಂಥವನ್ನ ಲೈಬ್ರರಿಗೆ ಹೋಗಿ ನೋಡ್ಕೊಂಡು ಬರೋದು.

ಒಂದು ವಿಷ್ಯ ಮೊದಲೇ ಹೇಳಿಬಿಡ್ತೀನಿ, ಪದ್ಯಗಳು ಬಹುಪಾಲು ಚೆನ್ನಾಗಿರಲ್ಲ. ಪ್ರಾಸಕ್ಕೆ ಎಳೆದು ಕೂರಿಸಿದ ಪದ, ಎರಡು ಸಾಲಿಗೊಂದು ಕಣ್ಣೀರು. ನನಗೆ ರುಚಿ ಹತ್ತಿದ್ದು ಪದ್ಯದ ಕೆಳಗಿರೋ ಸಣ್ಣಕ್ಷರದ್ದು, ಅಚ್ಚು ಹಾಕಿದವನ ಹೆಸರು, ಬೀದಿ, ಅಂಗಡಿ ನಂಬರು, ಇನ್ನೇನೇನು ಮಾರ್ತಿದ್ದ ಅನ್ನೋದು. ಕ್ಯಾಟಲಾಗ್ ಮಾಡೋರಿಗೆ ಊಟ ಅದೇ, ಯಾಕಂದ್ರೆ ಈ ಹಾಳೆಗಳಲ್ಲಿ ಇಸವಿ ಹಾಕೋ ಪದ್ಧತಿನೇ ಕಮ್ಮಿ, ಅಂಗಡಿ ಯಾವ ವರ್ಷ ಯಾವ ನಂಬರಲ್ಲಿತ್ತು ಅಂತ ಹಳೇ ಊರಿನ ಡೈರೆಕ್ಟರಿಗಳಲ್ಲಿ ಹುಡುಕಿ ಹಾಳೆಯ ವಯಸ್ಸು ಕಂಡುಹಿಡೀಬೇಕು.

ಈ ಸಲ ಒಂದು ವಾರ ರಜಾ ಹಾಕಿ ಸುತ್ತೋಣ ಅಂದ್ಕೊಂಡಿದ್ದೆ, ಹೆಂಡ್ತಿ "ರೀ, ಅಪ್ಪನ್ನೂ ಕರ್ಕೊಂಡು ಹೋಗಿ, ಮನೇಲಿ ಕೂತು ಕೂತು ತಲೆ ಕೆಟ್ಟೋಗಿದೆ ಅವ್ರಿಗೆ" ಅಂದ್ಳು. ಮಾವ ಮೈಸೂರಲ್ಲಿ ಪ್ರೆಸ್ ನಡೆಸ್ತಿದ್ದವರು, ಅದಕ್ಕೂ ಮುಂಚೆ ಬೇರೆಯವರ ಪ್ರೆಸ್ಸಲ್ಲಿ ಮೊಳೆ, ಅಂದ್ರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸ್ತಿದ್ದವರು, ಕಂಪ್ಯೂಟರ್ ಬಂದ್ಮೇಲೆ ಕಾಲಲ್ಲಿ ತುಳಿದು ಅಚ್ಚು ಹಾಕೋ ಟ್ರೆಡಲ್ ಮಷೀನು ಗುಜರಿಗೆ ಹೋಯ್ತು. ನ್ಯೂಜೆರ್ಸಿಯ ಎಡಿಸನ್‌ಗೆ, ನಮ್ಮ ಮನೆಗೆ ಬಂದಾಗಿನಿಂದ ಮನೆಗೆ ಬರೋ ಅಂಗಡಿ ಫ್ಲಯರ್‌ಗಳ ಮಾರ್ಜಿನ್ ಸರಿ ಇಲ್ಲ ಅಂತ ಬೈಕೊಂಡು ಕೂತಿದ್ರು. ನಾನು ಒಪ್ಕೊಂಡಿದ್ದು ಹೆಂಡ್ತಿ ಮಾತಿಗೆ, ಆದ್ರೆ ಫಿಲಡೆಲ್ಫಿಯಾದಲ್ಲಿ ಮೊದಲ ಹಾಳೆ ಮುಂದೆ ಬಂದಾಗ್ಲೇ ಗೊತ್ತಾಯ್ತು ಈ ಮನುಷ್ಯನ್ನ ಬಿಟ್ಟು ಹೋಗಿದ್ರೆ ಲಾಸ್ ನಂದೇ ಅಂತ.

ಸೋಮವಾರ, ಫಿಲಡೆಲ್ಫಿಯಾ

ಲೋಕಸ್ಟ್ ಸ್ಟ್ರೀಟಿನ ಲೈಬ್ರರಿ ಕಂಪನಿ, ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಸ್ನೇಹಿತರು 1731ರಲ್ಲಿ ದುಡ್ಡು ಒಟ್ಟಾಕಿ ಶುರು ಮಾಡಿದ್ದು. ಬಾಗಿಲ ಹತ್ರನೇ ಫ್ರಾಂಕ್ಲಿನ್‌ದು ಅಮೃತಶಿಲೆ ಪ್ರತಿಮೆ, ರೋಮನ್ನರ ಥರ ಬಟ್ಟೆ ಸುತ್ಕೊಂಡಿದಾರೆ. ಬ್ಯಾಗು ಲಾಕರಲ್ಲಿ, ಪೆನ್ನು ಒಳಗಿಲ್ಲ, ಪೆನ್ಸಿಲ್ ಮಾತ್ರ. ಮಾವ ಪಾಸ್‌ಪೋರ್ಟ್ ತೋರಿಸಿ ರೀಡರ್ ಫಾರ್ಮ್ ತುಂಬಿದ್ರು, ಉದ್ಯೋಗದ ಜಾಗದಲ್ಲಿ ಪ್ರಿಂಟರ್ ಅಂತ ಬರೆದು ಒಂದ್ ಸಲ ನನ್ ಮುಖ ನೋಡಿದ್ರು.

ಇಲ್ಲಿ ಹಾಡಿನ ಹಾಳೆಗಳು ಬಂದು ಬಿದ್ದಿದ್ರಲ್ಲಿ ಜಾನ್ ಮ್ಯಾಕಲಿಸ್ಟರ್ ಅನ್ನೋರ ಪಾಲು ದೊಡ್ಡದು. ಕನ್ನಡಕ ಮಾರೋ ಮನೆತನದವರು, 1860ರ ದಶಕದ ಅಮೆರಿಕದ ಅಂತರ್ಯುದ್ಧ ನಡೀತಿದ್ದಾಗ್ಲೇ ಬೀದೀಲಿ ಸಿಕ್ಕ ಚೀಟಿ, ಕವರು, ಹಾಡು, ಪೋಸ್ಟರ್ ಎಲ್ಲಾ ಸೇರಿಸಿಟ್ಕೊಂಡು ಕೊನೆಗೆ 1886ರಲ್ಲಿ ಇಲ್ಲಿಗೆ ಕೊಟ್ರು. ಆವತ್ತು ಪಕ್ಕದ ಮನೆಯವರು ಏನಂದಿರ್ತಾರೋ ಊಹೆ ಮಾಡ್ಕೋಬಹುದು. ಆಮೇಲೆ ಇಲ್ಲೇ ಲೈಬ್ರೇರಿಯನ್ ಆಗಿದ್ದ ಎಡ್ವಿನ್ ವುಲ್ಫ್ 1963ರಲ್ಲಿ 1850ರಿಂದ 1870ರ ತನಕದ ಹಾಡಿನ ಹಾಳೆಗಳ ಕ್ಯಾಟಲಾಗ್ ಅಚ್ಚು ಹಾಕಿಸಿದ್ರು. ಇವತ್ತಿಗೂ ಡೀಲರ್‌ಗಳು ಹಾಳೆ ಮಾರುವಾಗ ವುಲ್ಫ್ ನಂಬರ್ ಇಷ್ಟು ಅಂತ ಹಾಕ್ತಾರೆ, ವುಲ್ಫ್‌ನಲ್ಲಿ ಇಲ್ಲ ಅಂದ್ರೆ ಅದನ್ನ ಇನ್ನೂ ದಪ್ಪ ಅಕ್ಷರದಲ್ಲಿ ಹಾಕಿ ರೇಟು ಏರಿಸ್ತಾರೆ.

ನಾನು ಕೇಳಿ ತರಿಸಿದ್ದು ಜಾನ್ಸನ್ ಅನ್ನೋ ಇದೇ ಊರಿನ ಪ್ರಿಂಟರ್‌ನ ಹಾಳೆಗಳು. ವಿಳಾಸ ನಂಬರ್ 7, ನಾರ್ತ್ ಟೆಂತ್ ಸ್ಟ್ರೀಟ್, ಮಾರ್ಕೆಟ್ ಸ್ಟ್ರೀಟಿಂದ ಮೂರನೇ ಬಾಗಿಲು. ಮೇಲೆ ಹಾಡು ಏನು ಅಂದ್ರೆ ಯುದ್ಧದಲ್ಲಿ ಸಾಯ್ತಿರೋ ಹುಡುಗ ಅಮ್ಮನ್ನ ನೆನೆಸ್ಕೊಳ್ತಿದಾನೆ, ಆ ಥರದ್ದು ಆ ಕಾಲಕ್ಕೆ ಲೆಕ್ಕ ಇಲ್ದಷ್ಟು ಬಂತು, ಮತ್ತೆ ಅದರ ಕೆಳಗಡೆ ಸಣ್ಣ ಮೊಳೆಯಲ್ಲಿ, ಪ್ರೊಫೆಸರ್ ಬ್ರೂಕ್ಸ್ ಅವರ ಬಾಲ್‌ರೂಮ್ ಮಾನಿಟರ್ ನೋಡಿ, ಇಲ್ಲಿತನಕ ಬಂದಿರೋ ಯಾವ ಪುಸ್ತಕಕ್ಕಿಂತ್ಲೂ ಜಾಸ್ತಿ ಡ್ಯಾನ್ಸ್ ಕಲಿಸುತ್ತೆ, ಬೆಲೆ 15 ಸೆಂಟ್. ಮೇಲೆ ಹೆಣ, ಕೆಳಗೆ ಡ್ಯಾನ್ಸ್ ಕ್ಲಾಸು. ನಾನು ಓದಿ ಹೇಳಿದ್ದೇ ತಡ ಮಾವ ಆ ನಿಶ್ಶಬ್ದದಲ್ಲಿ ಕಿಸಕ್ಕನೆ ನಕ್ಬಿಟ್ರು, ಎದುರು ಕೂತಿದ್ದ ಹುಡುಗಿ ತಲೆ ಎತ್ತಿ ನೋಡಿದ್ಳು.

"ಅಲ್ಲಾ ಅಳಿಯಂದ್ರೇ, ಈ ಜಾಹೀರಾತು ಪ್ರತಿ ಹಾಡಿಗೂ ಬೇರೆ ಜೋಡಿಸಿಲ್ಲ ನೋಡಿ, ಒಂದ್ ಸಲ ಜೋಡಿಸಿ ದಾರ ಕಟ್ಟಿ ಇಟ್ಕೊಂಡಿದಾನೆ, ಹಾಡು ಬದಲಾಯಿಸಿ ಇದನ್ನ ಹಾಗೇ ಕೆಳಗೆ ತಳ್ಳಿದಾನೆ" ಅಂದ್ರು. ಹೇಗೆ ಗೊತ್ತು ಅಂದೆ. ಎರಡು ಹಾಳೆ ಪಕ್ಕಪಕ್ಕ ಇಡಿಸಿ, ಮುಟ್ಟದೆ ಪೆನ್ಸಿಲ್ ಹಿಂಬದಿಯಿಂದ ತೋರ್ಸಿದ್ರು, ಒಂದೇ ಅಕ್ಷರ ಎರಡರಲ್ಲೂ ಒಂದೇ ಥರ ಸ್ವಲ್ಪ ಕೆಳಗೆ ಜಾರಿದೆ. ನಾನು ಈ ಹಾಳೆಗಳ ಸ್ಕ್ಯಾನ್‌ಗಳನ್ನ ಅದೆಷ್ಟು ಸಲ ನೋಡಿದೀನೋ, ಆ ಕಡೆ ಗಮನ ಹೋಗಿರ್ಲಿಲ್ಲ. ಅಂದ್ರೆ ಆ ಅಕ್ಷರ ನೆಟ್ಟಗಿರೋ ಹಾಳೆ ಸಿಕ್ಕಿದ್ರೆ ಅದು ಇವೆರಡಕ್ಕಿಂತ ಮುಂಚಿನದೋ, ಇಲ್ಲಾ ದಾರ ಬಿಚ್ಚಿ ಮತ್ತೆ ಜೋಡಿಸಿದ ಮೇಲಿನದೋ ಇರ್ಬೇಕು ಅನ್ನೋ ತನಕ ಹೋಯ್ತು ನಮ್ಮ ಪಿಸುಮಾತು.

ಅದೇ ಊರಲ್ಲಿ ಅದೇ ಕಾಲದಲ್ಲಿ ಅಚ್ಚಾದ ಇನ್ನೊಂದು ಹಾಳೆ ಹೇಳ್ಲೇಬೇಕು. ಜೂಲಿಯಾ ವಾರ್ಡ್ ಹೋ 1861ರ ನವೆಂಬರಲ್ಲಿ ವಾಷಿಂಗ್ಟನ್ನಿನ ವಿಲ್ಲರ್ಡ್ ಹೋಟೆಲಲ್ಲಿ ಬರೆದ ಬ್ಯಾಟಲ್ ಹಿಮ್ ಅನ್ನೋ ಯುದ್ಧಗೀತೆ, 1862ರ ಫೆಬ್ರವರಿಯ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ಬಂತು, ಅದು ಎಲ್ರಿಗೂ ಗೊತ್ತಿರೋದೇ. ಆದ್ರೆ ಕಪ್ಪು ಜನರ ರೆಜಿಮೆಂಟ್‌ಗೆ ಸೈನಿಕರನ್ನ ಸೇರಿಸೋ ಫಿಲಡೆಲ್ಫಿಯಾದ ಕಮಿಟಿ ಇದನ್ನ ಬಿಡಿ ಹಾಳೆಯಾಗಿ ಹಾಕಿಸಿ ಹಂಚಿತ್ತು. ಹಾಡು ಅದೇ, ಕೆಳಗೆ ಕಮಿಟಿ ಹೆಸರಿರೋ ಒಂದು ಸಾಲು ಬೇರೆ, ಆ ಒಂದು ಸಾಲಿಂದ ಹಾಳೆಯ ಕೆಲ್ಸನೇ ಬೇರೆ ಆಗೋಯ್ತು.

ಮಂಗಳವಾರ, ನ್ಯೂಯಾರ್ಕ್, ಆಮೇಲೆ ರಸ್ತೆ

ಚಾಥಮ್ ಸ್ಟ್ರೀಟ್ ನೋಡ್ಬೇಕು ಅನ್ನೋ ಆಸೆ ನಂಗೆ ಬಹಳ ದಿನದಿಂದ. ನನ್ನ ಡಬ್ಬದಲ್ಲಿರೋ ಹಾಳೆಗಳಲ್ಲಿ ಅರ್ಧಕ್ಕರ್ಧ ಅಲ್ಲಿಂದ ಬಂದವು. ಜೆ. ಆಂಡ್ರೂಸ್ 38ನೇ ನಂಬರಲ್ಲಿ, ಆಮೇಲೆ ವ್ಯಾಪಾರ ವಹಿಸ್ಕೊಂಡ ಹೆನ್ರಿ ಡಿ ಮಾರ್ಸನ್ 38, 54, 60 ಅಂತ ಅದೇ ಬೀದೀಲಿ, ಹಾಡು ಮತ್ತು ಮಕ್ಕಳ ಆಟದ ಪುಸ್ತಕ ಮಾರ್ತಿದ್ದ. ನಂಬರ್ ಬದಲಾಗಿದ್ರಿಂದ್ಲೇ ಈ ಹಾಳೆಗಳಿಗೆ ಇಸವಿ ಕಟ್ಟೋಕೆ ಆಗೋದು.

ಬೀದಿ ಇಲ್ಲ. ಇದೆ, ಹೆಸರಿಲ್ಲ. 1886ರಲ್ಲಿ ಪಾರ್ಕ್ ರೋ ಅಂತ ಮಾಡಿದ್ರು, ಈಗ ಸಿಟಿ ಹಾಲ್, ಬ್ರೂಕ್ಲಿನ್ ಬ್ರಿಡ್ಜ್ ಬುಡ, ಪೊಲೀಸ್ ಬ್ಯಾರಿಕೇಡು. ಹಳೇದು ಒಂದು ಇಟ್ಟಿಗೆನೂ ನಮಗೆ ಕಾಣ್ಲಿಲ್ಲ. ಮಾವಂಗೆ ಒಂದ್ ಕಾಫಿ ಕೊಡಿಸಿ, ಬೆಂಚ್ ಮೇಲೆ ಕೂತು ಜೊತೆಗೆ ತಂದಿದ್ದ ನನ್ನದೇ ಡಿ ಮಾರ್ಸನ್ ಹಾಳೆ ಒಂದನ್ನ ಪ್ಲಾಸ್ಟಿಕ್ ಕವರ್ ಸಮೇತ ತೋರಿಸ್ದೆ. ನಮ್ಮ ನೋಟ್‌ಬುಕ್‌ಗಿಂತ ಸ್ವಲ್ಪ ಉದ್ದ, 25 ಸೆಂಟಿಮೀಟರ್ ಹತ್ರ ಇದೆ, ಸುತ್ತ ಬಳ್ಳಿ, ಗೊಂಬೆ ಇರೋ ಅಂಚು, ಆ ಅಂಚಿಗೆ ಕೈಯಲ್ಲಿ ಬಣ್ಣ ಹಚ್ಚಿದಾರೆ, ಕೆಂಪು ಗೆರೆ ದಾಟಿ ಹೊರಗೆ ಹರಿದಿದೆ, ಹಳದಿ ಒಂದು ಮೂಲೇಲಿ ಹಚ್ಚೋದನ್ನೇ ಮರ್ತಿದಾರೆ. ನಡುವೆ ಹಾಡು, ಹಾಡಿಗೂ ಅಂಚಿನ ಚಿತ್ರಕ್ಕೂ ಏನೇನೂ ಸಂಬಂಧ ಇಲ್ಲ.

ಮಾವ ಹೇಳಿದ್ರು, "ನಮ್ಮಲ್ಲಿ ಲಗ್ನಪತ್ರಿಕೆಗೆ ಒಂದೇ ಗಣಪತಿ ಬ್ಲಾಕು ಮೂವತ್ತು ವರ್ಷ ಓಡಿಸ್ಲಿಲ್ವೇ, ಸೊಂಡಿಲು ಸವೆದು ಕೊನೆಗೆ ಇಲಿಗೂ ಗಣಪತಿಗೂ ವ್ಯತ್ಯಾಸ ಗೊತ್ತಾಗ್ತಿರ್ಲಿಲ್ಲ, ಇದೂ ಅದೇ ಕಥೆ." ಅದೇ ಕಥೆನೇ. ಅಂಚು ಒಂದೇ, ಹಾಡು ನೂರು. ಅಂಚಿನ ಗೆರೆ ಎಲ್ಲಿ ಮುರಿದಿದೆ ಅಂತ ಗುರ್ತು ಮಾಡ್ಕೊಂಡ್ರೆ ಹಾಳೆಗಳನ್ನ ಹಿಂದೆ ಮುಂದೆ ಜೋಡಿಸಬಹುದು. ನನ್ನ ಎಕ್ಸೆಲ್ ಶೀಟಲ್ಲಿ ಅಲ್ಲಿತನಕ ಅಂಚು ಅನ್ನೋ ಕಾಲಂನಲ್ಲಿ ಇದೆ ಅಥವಾ ಇಲ್ಲ ಅಂತಷ್ಟೇ ಇತ್ತು.

ಊರು ಬಿಡೋ ಮುಂಚೆ ಕಾರಲ್ಲೇ ಅವರಿಗೆ ಜುಪಿಟರ್ ಹ್ಯಾಮನ್ ವಿಷ್ಯ ಹೇಳ್ದೆ. ಲಾಂಗ್ ಐಲೆಂಡಿನ ಲಾಯ್ಡ್ ಮನೆತನದಲ್ಲಿ ಗುಲಾಮರಾಗಿದ್ದವರು, 1760ರ ಡಿಸೆಂಬರ್ 25ರಂದು ರಚಿಸಿದ ಒಂದು ಭಕ್ತಿಪದ್ಯ ಬಿಡಿ ಹಾಳೆಯಾಗಿ ಅಚ್ಚಾಯ್ತು, ಉತ್ತರ ಅಮೆರಿಕದಲ್ಲಿ ಕಪ್ಪು ಮನುಷ್ಯರೊಬ್ಬರ ಪದ್ಯ ಪ್ರಕಟ ಆಗಿದ್ದು ಅದೇ ಮೊದಲು ಅಂತ ಲೆಕ್ಕ. ಉಳಿದಿರೋದು ಒಂದೇ ಒಂದು ಪ್ರತಿ, ಈ ಊರಿನ ಹಿಸ್ಟಾರಿಕಲ್ ಸೊಸೈಟೀಲಿದೆ. ಹಾಳೆ ಮೇಲೇನೇ ಇವರು ಲಾಯ್ಡ್ ಅವರಿಗೆ ಸೇರಿದ ನೀಗ್ರೋ ಅಂತ ಅಚ್ಚಾಗಿದೆ. ಮಾವ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಹೆಸರು ಬಂದಿದೆಯಲ್ಲ ಹಾಳೇಲಿ" ಅಂದ್ರು. ಹೌದು, ಪೂರ್ತಿ ಹೆಸರು ಬಂದಿದೆ.

ಕನೆಟಿಕಟ್ ಟ್ರಾಫಿಕ್ ಬಗ್ಗೆ ಬರೆಯಲ್ಲ, ಯಾರಿಗೂ ಹೊಸದಲ್ಲ. ಚಪಾತಿ, ಚಟ್ನಿಪುಡಿ ರೆಸ್ಟ್ ಏರಿಯಾದಲ್ಲಿ ಮುಗಿಸಿ ರಾತ್ರಿ ಪ್ರಾವಿಡೆನ್ಸ್ ಸೇರಿದ್ವಿ.

ಬುಧವಾರ, ಪ್ರಾವಿಡೆನ್ಸ್

ಬ್ರೌನ್ ಯೂನಿವರ್ಸಿಟಿಯ ಜಾನ್ ಹೇ ಲೈಬ್ರರಿ, ಗುಡ್ಡದ ಮೇಲೆ, ಬಿಳಿ ಕಲ್ಲಿನ ಕಟ್ಟಡ, ನಡೆದು ಹತ್ತೋಕೆ ಮಾವಂಗೆ ಮಂಡಿ ನೋವು. ಅಮೆರಿಕದ ಪದ್ಯ, ನಾಟಕಗಳ ಮಟ್ಟಿಗೆ ಇಲ್ಲಿರೋ ಹ್ಯಾರಿಸ್ ಕಲೆಕ್ಷನ್‌ಗಿಂತ ದೊಡ್ಡದಿಲ್ಲ ಅಂತಾರೆ, ಸುಮಾರು ಎರಡೂವರೆ ಲಕ್ಷ ಸಂಪುಟ. ಅದು ಇಲ್ಲಿಗೆ ಬಂದ ದಾರಿ ಸ್ವಲ್ಪ ವಿಚಿತ್ರ. ಆಲ್ಬರ್ಟ್ ಗ್ರೀನ್ ಅನ್ನೋ ಇದೇ ಊರಿನ ಜಡ್ಜ್ ಶುರು ಮಾಡಿದ್ದು, ತಾನೂ ಪದ್ಯ ಬರೀತಿದ್ರು. ಅವರು ಹೋದ್ಮೇಲೆ ಒಂದಷ್ಟು ಕೇಲಬ್ ಫಿಸ್ಕ್ ಹ್ಯಾರಿಸ್ ಕೊಂಡ್ಕೊಂಡ್ರು, ಸೇರಿಸ್ತಾ ಹೋದ್ರು, 1874ರಲ್ಲಿ ತಾವೇ ಒಂದು ಇಂಡೆಕ್ಸ್ ಅಚ್ಚು ಹಾಕಿಸಿದ್ರು. 1881ರಲ್ಲಿ ಮೇನ್ ರಾಜ್ಯದ ಮೂಸ್‌ಹೆಡ್ ಕೆರೇಲಿ ದೋಣಿ ಮುಗುಚಿ ಹ್ಯಾರಿಸ್, ಅವರ ಹೆಂಡತಿ ಇಬ್ರೂ ಹೋಗ್ಬಿಟ್ರು. ಎಲ್ಲಾ ಚೆಲ್ಲಾಪಿಲ್ಲಿ ಆಗ್ಬೇಕಿತ್ತು, ಸಂಬಂಧಿಕ ಸೆನೆಟರ್ ಹೆನ್ರಿ ಆಂಥೊನಿ ಪದ್ಯದ ಭಾಗನೆಲ್ಲಾ ಕೊಂಡ್ಕೊಂಡು 1884ರಲ್ಲಿ ಸಾಯುವಾಗ ಬ್ರೌನ್‌ಗೆ ಬರೆದಿಟ್ರು.

ಹ್ಯಾರಿಸ್ ಅವರಲ್ಲಿ ನಂಗೆ ಇಷ್ಟ ಆಗೋದು ಏನು ಅಂದ್ರೆ ಒಳ್ಳೆ ಪದ್ಯ ಕೆಟ್ಟ ಪದ್ಯ ಅಂತ ಆರಿಸ್ಲಿಲ್ಲ, ಅಮೆರಿಕದ್ದಾ, ಪದ್ಯನಾ, ಹಾಕು ಒಳಗೆ. ರುಚಿ ನೋಡಿ ಆರಿಸಿದ ಕಲೆಕ್ಷನ್‌ಗಳು ಐವತ್ತು ವರ್ಷಕ್ಕೆ ಹಳಸ್ತವೆ ಅನ್ನೋದು ನನ್ನ ಅಭಿಪ್ರಾಯ.

ಇಲ್ಲಿ ನಾವು ಕೇಳಿದ್ದು ಪೇಪರ್ ಹಾಕೋ ಹುಡುಗರ ಹೊಸವರ್ಷದ ಪದ್ಯಗಳು. ಜನವರಿ 1ಕ್ಕೆ ಪೇಪರ್ ಹುಡುಗ ಮನೆಮನೆಗೂ ಒಂದು ಅಚ್ಚಾದ ಪದ್ಯ ಕೊಡ್ತಿದ್ದ, ಹೋದ ವರ್ಷ ದೇಶದಲ್ಲಿ ಏನೇನಾಯ್ತು, ಯಾವ ಯುದ್ಧ, ಯಾವ ಎಲೆಕ್ಷನ್ ಅಂತೆಲ್ಲಾ ಪ್ರಾಸದಲ್ಲಿ ಹೇಳಿ, ಕೊನೇ ಪದ್ಯದಲ್ಲಿ ಚಳಿಯಲ್ಲಿ ಮಳೆಯಲ್ಲಿ ನಿಮಗೆ ಪೇಪರ್ ತಂದವನು ನಾನು, ಏನಾದ್ರೂ ಕೊಡಿ ಅಂತ ಕೇಳೋದು. 1700ರ ಕಾಲದಿಂದ ನಡ್ಕೊಂಡು ಬಂದ ಪದ್ಧತಿ. ಪದ್ಯ ಬರೆದೋರು ಯಾರು ಅಂತ ಬಹಳಷ್ಟರಲ್ಲಿ ಇಲ್ಲ, ಪತ್ರಿಕೆಯ ಹೆಸರು ಇರುತ್ತೆ. ಪ್ರೆಸ್ಸಲ್ಲಿದ್ದ ಒಳ್ಳೊಳ್ಳೆ ಮೊಳೆ, ಒಳ್ಳೊಳ್ಳೆ ಬಾರ್ಡರ್ ಎಲ್ಲಾ ಈ ಹಾಳೆಗೆ ಬಳಸಿರೋದು ಕಾಣುತ್ತೆ. ಮಾವ ಹೇಳೋ ಪ್ರಕಾರ ಇದು ಕೆಲಸ ಇಲ್ಲದ ದಿನ ಮೊಳೆ ಜೋಡಿಸೋ ಕಂಪೋಸಿಟರ್ ಆಸೆಪಟ್ಟು ಮಾಡಿದ್ದು, "ಸಂಬಳಕ್ಕೆ ಜೋಡಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ನಂಗೆ ಕಾಣುತ್ತೆ ಬಿಡಿ." ಕಾಣುತ್ತೋ ಏನೋ, ಇದನ್ನ ಕ್ಯಾಟಲಾಗಲ್ಲಿ ಹೇಗೆ ಬರೀಲಿ.

ಸಂಜೆ ನದಿ ಪಕ್ಕ ಓಡಾಡಿ, ಥಾಯ್ ಹೋಟೆಲಲ್ಲಿ ಮೀನಿನ ಸಾಸ್ ಹಾಕ್ಬೇಡಿ ಅಂತ ನಾಕು ಸಲ ಹೇಳಿ ಊಟ ಮುಗಿಸಿದ್ವಿ.

ಗುರುವಾರ, ವುಸ್ಟರ್

ಇಡೀ ಪ್ರವಾಸ ಇದಕ್ಕೋಸ್ಕರಾನೇ ಅಂದ್ರೂ ತಪ್ಪಿಲ್ಲ. ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ, ಸಾಲ್ಸ್‌ಬರಿ ಸ್ಟ್ರೀಟ್, 1812ರಲ್ಲಿ ಐಸಾಯಾ ಥಾಮಸ್ ಸ್ಥಾಪಿಸಿದ್ದು. ಗುಮ್ಮಟದ ಕೆಳಗೆ ಓದೋ ಹಾಲ್.

ಥಾಮಸ್ ಕಥೆ ಮಾವಂಗೆ ಹಿಂದಿನ ರಾತ್ರಿನೇ ಹೇಳಿದ್ದೆ. ಬಡವರ ಮನೆ ಹುಡುಗ, 6 ವರ್ಷಕ್ಕೇ ಬಾಸ್ಟನ್ನಲ್ಲಿ ಜೆಕರಾಯಾ ಫೌಲ್ ಅನ್ನೋ ಲಾವಣಿ ಪ್ರಿಂಟರ್ ಹತ್ರ ಕೆಲಸಕ್ಕೆ ಬಿಟ್ರು, ಮೊಳೆ ಇಡೋ ಮನೆಮನೆಯ ಪೆಟ್ಟಿಗೆ, ಅಂದ್ರೆ ಕೇಸ್, ಎಟುಕ್ತಿರ್ಲಿಲ್ಲ ಅಂತ ಬೆಂಚ್ ಮೇಲೆ ನಿಂತು ಮೊಳೆ ಜೋಡಿಸ್ತಿದ್ದ, ಮೊದಲು ಜೋಡಿಸಿದ್ದೂ ಒಂದು ಲಾವಣಿನೇ, ಆಗ ಸರಿಯಾಗಿ ಓದೋಕೂ ಬರ್ತಿರ್ಲಿಲ್ಲ. ಅದೇ ಹುಡುಗ ಮುಂದೆ ದೇಶದ ದೊಡ್ಡ ಪ್ರಕಾಶಕ ಆಗಿ, ಅಮೆರಿಕದ ಮುದ್ರಣದ ಚರಿತ್ರೆ ಬರೆದು, ಈ ಸೊಸೈಟಿ ಕಟ್ಟಿದ್ದು. ಅವನು ಕೆಲಸ ಕಲಿತ ಮರದ ಪ್ರೆಸ್ ಇಲ್ಲೇ ಇದೆ, ಓಲ್ಡ್ ನಂಬರ್ ಒನ್ ಅಂತ ಹೆಸರು. 1775ರ ಏಪ್ರಿಲ್ 16ರ ರಾತ್ರಿ, ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ಲೆಕ್ಸಿಂಗ್ಟನ್ ಕಾಳಗಕ್ಕೆ ಇನ್ನೇನು ಮೂರು ದಿನ ಇದೆ ಅನ್ನುವಾಗ, ಬ್ರಿಟಿಷರ ಕೈಗೆ ಸಿಗಬಾರದು ಅಂತ ಬಾಸ್ಟನ್ನಿಂದ ನದಿ ದಾಟಿಸಿ ಕದ್ದು ವುಸ್ಟರ್‌ಗೆ ಸಾಗಿಸಿದ್ದು.

ಮಾವ ಆ ಪ್ರೆಸ್ ಮುಂದೆ ನಿಂತವರು ಕದಲ್ಲಿಲ್ಲ. ಮುಟ್ಟೋ ಹಾಗಿಲ್ಲವಲ್ಲ, ಕೈ ಹಿಂದೆ ಕಟ್ಕೊಂಡು ಬಗ್ಗಿ ಬಗ್ಗಿ ನೋಡಿದ್ರು. ಸ್ಕ್ರೂ ಹೇಗೆ ಇಳಿಯುತ್ತೆ, ಹಿಡಿ ಯಾವ ಕಡೆ ಎಳೀಬೇಕು, ಒಬ್ಬ ಶಾಯಿ ಹಚ್ಚಿದ್ರೆ ಇನ್ನೊಬ್ಬ ಎಳೀಬೇಕು, ಎಲ್ಲಾ ಗಾಳೀಲೇ ಮಾಡಿ ತೋರ್ಸಿದ್ರು. ಅಲ್ಲಿಯ ಸ್ಟಾಫ್ ಒಬ್ರು ಬಂದು ನೀವು ಪ್ರಿಂಟರ್ರಾ ಅಂತ ಕೇಳಿದ್ರು. ಮಾವ ಇಂಗ್ಲಿಷಲ್ಲಿ "ಎಸ್, ಹ್ಯಾಂಡ್ ಕಂಪೋಸಿಂಗ್, ಕನ್ನಡ, ವೆರಿ ಡಿಫಿಕಲ್ಟ್" ಅಂದು, ಆಮೇಲೆ ಒತ್ತಕ್ಷರಕ್ಕೆಲ್ಲಾ ಬೇರೆ ಮೊಳೆ ಇರ್ಬೇಕಲ್ಲ, ನಮ್ಮ ಕೇಸಿನ ಮನೆಗಳು ನಿಮ್ಮದಕ್ಕಿಂತ ಎಷ್ಟೋ ಜಾಸ್ತಿ ಅಂತ ನನ್ನ ಕೈಲಿ ಹೇಳಿಸಿದ್ರು. ಅವರಿಬ್ರೂ ಅರ್ಧ ಗಂಟೆ ಮಾತಾಡಿದ್ರು, ನಾನು ದುಭಾಷಿ.

ಆಮೇಲೆ ಕವರ್ಲಿ ಹಾಳೆಗಳು. 1813ರಲ್ಲಿ, ಬ್ರಿಟನ್ ಜೊತೆ ಮತ್ತೆ ಯುದ್ಧ ನಡೀತಿದ್ದಾಗ, ಥಾಮಸ್ ಬಾಸ್ಟನ್ನಿನ ಮಿಲ್ಕ್ ಸ್ಟ್ರೀಟಲ್ಲಿದ್ದ ನೆಥೇನಿಯಲ್ ಕವರ್ಲಿ ಜೂನಿಯರ್ ಅನ್ನೋ ಲಾವಣಿ ಪ್ರಿಂಟರ್ ಅಂಗಡಿಗೆ ಹೋಗಿ ಇದ್ದಬದ್ದ ಲಾವಣಿ ಹಾಳೆಗಳನ್ನ ಕೊಂಡ್ರು, ಮುನ್ನೂರಕ್ಕೂ ಮೇಲೆ, ಮಾರನೇ ವರ್ಷ ಮೂರು ಸಂಪುಟ ಬೈಂಡ್ ಮಾಡಿಸಿ, ಈ ಕಾಲದಲ್ಲಿ ಸಾಮಾನ್ಯ ಜನರ ಮಧ್ಯೆ ಎಂಥ ಸರಕು ಓಡ್ತಿದೆ ಅಂತ ತೋರ್ಸೋಕೆ ಉಳಿಸಿಟ್ಟಿದೀನಿ ಅಂತ ಬರೆದ್ರು. ಸ್ವಲ್ಪ ಮೂಗು ಮುರಿದೇ ಬರೆದಿದಾರೆ, ಲಾವಣಿ ಜೋಡಿಸಿ ಬೆಳೆದವರು ತಾವೇ ಅನ್ನೋದು ಬೇರೆ ಮಾತು. ಆದ್ರೆ ಮೂಗು ಮುರಿದೂ ಇಟ್ಕೊಂಡ್ರಲ್ಲ, ಅದೇ ದೊಡ್ಡದು, ಕೊಂಡವರು ಹಾಡಿ, ಗೋಡೆಗೆ ಅಂಟಿಸಿ, ಒಲೆಗೆ ಹಾಕಿ ಮುಗಿಸಿದ್ರು. ವರ್ದಿಂಗ್ಟನ್ ಫೋರ್ಡ್ 1924ರಲ್ಲಿ ಇದರ ಪಟ್ಟಿ ಮಾಡಿದ್ರು, ಈಗ ಚಿತ್ರಗಳೆಲ್ಲಾ ಇಂಟರ್ನೆಟ್ಟಲ್ಲೂ ಇದೆ.

ನಾನು ನೋಡಿದ್ದು 1812ರ ಆಗಸ್ಟಲ್ಲಿ ಕಾನ್‌ಸ್ಟಿಟ್ಯೂಷನ್ ಹಡಗು ಬ್ರಿಟಿಷರ ಗೆರಿಯೆರ್ ಹಡಗನ್ನ ಸೋಲಿಸಿದ್ದರ ಮೇಲಿನ ಹಾಡು, ಮೇಲ್ಗಡೆ ಮರದ ಬ್ಲಾಕಲ್ಲಿ ಹಡಗಿನ ಚಿತ್ರ. ಮಾವ ನೋಡಿ, ಈ ಬ್ಲಾಕು ಈ ಯುದ್ಧಕ್ಕೆ ಮಾಡಿದ್ದಲ್ಲ, ಅಂಚೆಲ್ಲಾ ಹಳೇದು, ಹುಳ ಹೊಡೆದಿರೋ ತೂತಿದೆ ಅಂದ್ರು. ಬ್ಲಾಕಲ್ಲಿ ಹುಳ ಕೊರೆದ ತೂತು ಪ್ರಿಂಟಲ್ಲಿ ಬಿಳಿ ಚುಕ್ಕೆಯಾಗಿ ಬರುತ್ತೆ, ಪುಣ್ಯಾತ್ಮರು ಅದನ್ನ ಒಂದೇ ನೋಟಕ್ಕೆ ಹಿಡಿದ್ರು. ಹಡಗಿಗೆಲ್ಲಾ ಒಂದೇ ಹಡಗು, ಹೆಣ್ಣಿಗೆಲ್ಲಾ ಒಂದೇ ಹೆಣ್ಣು, ಪ್ರಿಂಟರ್ ಹತ್ರ ಇರೋದೇ ಅಷ್ಟು.

ಬೇ ಸಾಮ್ ಬುಕ್ ಕೂಡ ಇಲ್ಲಿದೆ, 1640ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಡ್ಜಲ್ಲಿ ಅಚ್ಚಾದ ಕೀರ್ತನೆ ಪುಸ್ತಕ, ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲಿ ಅಚ್ಚಾಗಿ ಉಳಿದಿರೋ ಮೊದಲ ಪುಸ್ತಕ. ಒಟ್ಟು 11 ಪ್ರತಿ ಉಳಿದಿವೆ, ಬೇರೊಂದು ಪ್ರತಿ 2013ರಲ್ಲಿ ಹರಾಜಲ್ಲಿ ಒಂದು ಕೋಟಿ ನಲವತ್ತು ಲಕ್ಷ ಡಾಲರ್‌ಗೂ ಮೇಲೆ ಹೋಯ್ತು. ಮಾವಂಗೆ ಅದರಲ್ಲಿ ಅಷ್ಟು ಆಸಕ್ತಿ ಬರ್ಲಿಲ್ಲ, ನಂಗೂ ನಿಜ ಹೇಳ್ಬೇಕಂದ್ರೆ ಹುಳ ಹೊಡೆದ ಹಡಗೇ ತಲೇಲಿತ್ತು.

ಶುಕ್ರವಾರ, ಬಾಸ್ಟನ್

ಬೆಳಿಗ್ಗೆ ಕಾಪ್ಸ್ ಹಿಲ್ ಸ್ಮಶಾನ. ಜಾರ್ಜ್ ವರ್ದಿಲೇಕ್, ಹೆಂಡತಿ ಆ್ಯನ್, ಮಗಳು ರೂತ್, ಮೂವರಿಗೂ ಸೇರಿ ಒಂದೇ ಕಲ್ಲು. ಬಾಸ್ಟನ್ ದೀಪಸ್ತಂಭ ನೋಡ್ಕೊಳ್ತಿದ್ದವರು, 1718ರ ನವೆಂಬರ್ 3ರಂದು ಮುಳುಗಿ ಸತ್ರು. ಆಗ ಅಣ್ಣನ ಪ್ರೆಸ್ಸಲ್ಲಿ ಕೆಲಸ ಕಲೀತಿದ್ದ 12 ವರ್ಷದ ಫ್ರಾಂಕ್ಲಿನ್ ಇದರ ಮೇಲೊಂದು ಲಾವಣಿ ಬರೆದ, ಅಣ್ಣ ಅಚ್ಚು ಹಾಕಿ ಇವನ್ನೇ ಬೀದೀಲಿ ಮಾರೋಕೆ ಕಳಿಸಿದ, ಸಖತ್ತಾಗಿ ಹೋಯ್ತು. ಆತ್ಮಕಥೇಲಿ ಅವರೇ ಅದನ್ನ ದರಿದ್ರ ಸರಕು ಅಂತ ಕರ್ಕೊಂಡಿದಾರೆ, ಅಪ್ಪ ಬೇರೆ ಪದ್ಯ ಬರೆಯೋರು ಸಾಮಾನ್ಯವಾಗಿ ಭಿಕ್ಷುಕರೇ ಆಗ್ತಾರೆ ಅಂತ ಗೇಲಿ ಮಾಡಿ ಬಿಡಿಸಿದ್ರಂತೆ. ಆ ಹಾಳೆ ಒಂದೂ ಉಳಿದಿಲ್ಲ. ಸಿಕ್ಕಿದ್ರೆ ಏನಾಗ್ಬಹುದು ಅಂತ ಈ ಹವ್ಯಾಸ ಇರೋ ಪ್ರತಿಯೊಬ್ರೂ ರಾತ್ರಿ ಲೆಕ್ಕ ಹಾಕಿರ್ತಾರೆ, ನಾನೂ ಹಾಕಿದೀನಿ.

ಅಲ್ಲಿಂದ ಹ್ಯಾನೋವರ್ ಸ್ಟ್ರೀಟ್. ಲಿಯೊನಾರ್ಡ್ ಡೆಮಿಂಗ್ ಅನ್ನೋನ ಹಾಳೆಗಳಲ್ಲಿ, ಕ್ಷೌರದ ಕಂಬದ ಗುರುತಿನ ಅಂಗಡಿ, ನಂಬರ್ 61, ಹ್ಯಾನೋವರ್ ಸ್ಟ್ರೀಟ್ ಅಂತ ಇರುತ್ತೆ, ಇನ್ನು ಕೆಲವದರಲ್ಲಿ ನಂಬರ್ 62, ಫ್ರೆಂಡ್ ಸ್ಟ್ರೀಟಿಂದ ಎರಡನೇ ಬಾಗಿಲು. ಕಟಿಂಗ್ ಶಾಪಲ್ಲೇ ಹಾಡೂ ಮಾರಾಟ. ಕಾಯೋ ಗಿರಾಕಿ ಇರ್ತಾನಲ್ಲ, ಓದೋಕೂ ಬೇಕು, ಹಾಡೋಕೂ ಬೇಕು, ಒಳ್ಳೆ ಐಡಿಯಾನೇ. ಈಗ ಬೀದಿ ತುಂಬಾ ಇಟಾಲಿಯನ್ ಹೋಟೆಲು, ಡೆಮಿಂಗ್ ಜಾಗದ ಗುರುತು ಏನೂ ಇಲ್ಲ.

ಮಧ್ಯಾಹ್ನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ. ಇಲ್ಲಿ ಎರಡು ಥರದ ಸಾವಿನ ಹಾಳೆಗಳ ಬಗ್ಗೆ ನೋಟ್ಸ್ ಮಾಡ್ಕೊಳ್ಳೋದಿತ್ತು. ಒಂದು ಗಲ್ಲಿಗೇರೋರದ್ದು. 1773ರ ಅಕ್ಟೋಬರ್ 21ಕ್ಕೆ ಲೀವೈ ಏಮ್ಸ್ ಅನ್ನೋ ಹುಡುಗನ್ನ ಕಳ್ಳತನಕ್ಕೆ ಗಲ್ಲಿಗೆ ಹಾಕಿದ್ರು, ಅವನ ಹೆಸರಲ್ಲಿ ಒಂದಾದ್ಮೇಲೊಂದು ಪದ್ಯದ ಹಾಳೆ ಬಂತು, ಅವನೇ ಸಾಯುವಾಗ ನರಳಿ ಹೇಳಿದ ಹಾಗೆ. ಇನ್ನೊಂದು ದೊಡ್ಡವರ ಶೋಕಗೀತೆ. ಎಜಿಕಿಯಲ್ ರಸೆಲ್ ಅನ್ನೋ ಪ್ರಿಂಟರ್ ಇದರಲ್ಲೆಲ್ಲಾ ಎತ್ತಿದ ಕೈ, 1775ರ ಲೆಕ್ಸಿಂಗ್ಟನ್ ಕಾಳಗದಲ್ಲಿ ಸತ್ತವರಿಗೆ ಅಂತ ಹಾಳೆಯ ನೆತ್ತಿ ಮೇಲೆ 40 ಶವಪೆಟ್ಟಿಗೆ ಸಾಲಾಗಿ ಕೂರಿಸಿ, ಒಂದೊಂದಕ್ಕೂ ಹೆಸರು ಹಾಕಿದ. ಐಸಾಯಾ ಥಾಮಸ್ ಬರೀತಾರೆ, ರಸೆಲ್ ಮನೇಲಿದ್ದ ಒಬ್ಬ ಹೆಣ್ಣುಮಗಳು ಇತ್ತೀಚಿನ ದುರಂತಗಳ ಮೇಲೆ ಲಾವಣಿ ಬರೀತಿದ್ಳು, ತಕ್ಷಣ ಅಚ್ಚು ಹಾಕಿ ಶವಪೆಟ್ಟಿಗೆ ಚಿತ್ರ ಸೇರಿಸಿದ್ರೆ ಚೆನ್ನಾಗಿ ಮಾರಾಟ ಆಗ್ತಿತ್ತು ಅಂತ. ಹೆಸರು ಹೇಳಿಲ್ಲ ಅವರು. ಎಷ್ಟು ಹಾಳೆ ಅವಳದ್ದೋ.

ಹೆಸರು ಉಳಿದವಳು ಫಿಲಿಸ್ ವೀಟ್ಲಿ. 1761ರಲ್ಲಿ ಆಫ್ರಿಕಾದಿಂದ ಹಡಗಲ್ಲಿ ತಂದು ಇದೇ ಊರಲ್ಲಿ ಮಾರಿದ್ರು, 1770ರಲ್ಲಿ ಪಾದ್ರಿ ಜಾರ್ಜ್ ವಿಟ್‌ಫೀಲ್ಡ್ ತೀರಿಕೊಂಡಾಗ ಬರೆದ ಶೋಕಗೀತೆನ ಇದೇ ರಸೆಲ್ ಮತ್ತು ಜಾನ್ ಬಾಯಿಲ್ಸ್ ಬಿಡಿ ಹಾಳೆಯಾಗಿ ಹಾಕಿದ್ರು, ಹದಿನೇಳರ ಆಸುಪಾಸಿನ ಹುಡುಗಿ, ಅದರಿಂದ ಊರೂರಿಗೂ ಹೆಸರಾಯ್ತು, 1773ಕ್ಕೆ ಲಂಡನ್ನಲ್ಲಿ ಪುಸ್ತಕ ಬಂತು. ಅವಳದ್ದು ಅಂತ ಹೇಳೋ ಬರೆಯೋ ಮೇಜು ಈ ಸೊಸೈಟಿ ಹತ್ರ ಇದೆ. ಅವಳ ಪದ್ಯ ಮಾತ್ರ ನಾನು ಮೊದಲು ಹೇಳಿದ ಕೆಟ್ಟ ಪದ್ಯದ ಲೆಕ್ಕಕ್ಕೆ ಬರಲ್ಲ, ಅದನ್ನ ಓದುವಾಗ ಸಣ್ಣಕ್ಷರ ಮರ್ತೇ ಹೋಗುತ್ತೆ.

ಶನಿವಾರ, ನ್ಯೂಬರಿಪೋರ್ಟ್, ಮತ್ತೆ ಮನೆ

ವಿಟ್‌ಫೀಲ್ಡ್ ಸತ್ತಿದ್ದು ನ್ಯೂಬರಿಪೋರ್ಟಲ್ಲಿ, ಸಮಾಧಿ ಅಲ್ಲೇ ಓಲ್ಡ್ ಸೌತ್ ಚರ್ಚಿನ ವೇದಿಕೆ ಕೆಳಗೆ. ಹೊರಗಿಂದ ನೋಡಿ ಬಂದ್ವಿ. ದಾರೀಲಿ ಒಂದು ಹಳೇ ಸಾಮಾನಿನ ಅಂಗಡಿ, ಪಿಂಗಾಣಿ ತಟ್ಟೆ, ತುಕ್ಕು ಹಿಡಿದ ಕೊಡಲಿ, ಒಂದು ರಟ್ಟಿನ ಡಬ್ಬ ತುಂಬಾ ಕಾಗದ. ಡಬ್ಬದ ತಳದಲ್ಲಿ ಒಂದು ಚರ್ಚ್ ಕಟ್ಟಡದ ಆರಂಭೋತ್ಸವಕ್ಕೆ ಹಾಕಿಸಿದ ಸ್ತೋತ್ರದ ಹಾಳೆ, ಎರಡು ಸ್ತೋತ್ರ, ಒಂದರ ತಲೆ ಮೇಲೆ ಎಲ್.ಎಂ., ಇನ್ನೊಂದಕ್ಕೆ ಸಿ.ಎಂ. ಊರಿನ ಹೆಸರಿಲ್ಲ, ಇಸವಿ ಇಲ್ಲ, ಪ್ರಿಂಟರ್ ಹೆಸರೂ ಇಲ್ಲ. ಡಾಲರ್ 12.

ಈ ಎಲ್.ಎಂ., ಸಿ.ಎಂ. ಅನ್ನೋದು ಛಂದಸ್ಸಿನ ಅಳತೆ, ಲಾಂಗ್ ಮೀಟರ್ ಅಂದ್ರೆ ಸಾಲಿಗೆ ಎಂಟೆಂಟು ಸಿಲೆಬಲ್, ಕಾಮನ್ ಮೀಟರ್ ಅಂದ್ರೆ ಎಂಟು ಆರು ಎಂಟು ಆರು. ಸ್ವರ ಅಚ್ಚು ಹಾಕೋ ಖರ್ಚಿಲ್ಲ, ಆ ಅಳತೆಗೆ ಹೊಂದೋ ಯಾವ ಧಾಟಿ ಸಭೆಗೆ ಗೊತ್ತೋ ಅದರಲ್ಲಿ ಹಾಡ್ಕೊಳ್ಳೋದು. ಈಗ ಜಗತ್ತಿಗೆಲ್ಲಾ ಗೊತ್ತಿರೋ ಅಮೇಜಿಂಗ್ ಗ್ರೇಸ್ ಕೂಡ ಸಿ.ಎಂ., ಪದ್ಯ ಅಚ್ಚಾಗಿದ್ದು 1779ರಲ್ಲಿ, ಈಗಿನ ಧಾಟಿಗೆ ಅದನ್ನ ಸೇರಿಸಿ ಅಚ್ಚು ಹಾಕಿದ್ದು 1835ರಲ್ಲಿ. ಅದಕ್ಕೇ ಸ್ತೋತ್ರದ ಹಾಳೆ ಕ್ಯಾಟಲಾಗ್ ಮಾಡುವಾಗ ಹೆಸರಿಗಿಂತ ಮೊದಲ ಸಾಲು ಮತ್ತು ಮೀಟರ್ ಮುಖ್ಯ.

ಕೌಂಟರಲ್ಲಿ ಮಾವ ಹಾಳೆನ ಕಿಟಕಿ ಬೆಳಕಿಗೆ ಹಿಡಿದ್ರು. ಕಾಗದ ಮಾಡೋ ಜಾಲರಿಯ ತಂತಿ ಬಿಡೋ ಅಡ್ಡಗೆರೆ ಉದ್ದಗೆರೆ ಕಾಣ್ಲಿಲ್ಲ, ಅಂದ್ರೆ ತುಂಬಾ ಹಳೇ ಥರದ ಕಾಗದ ಅಲ್ಲ, ಆದ್ರೆ ಚಿಂದಿ ಬಟ್ಟೆಯಿಂದ ಮಾಡಿದ್ದು, ಇನ್ನೂ ಮೆತ್ತಗಿದೆ, ಮಡಿಚಿದ ಕಡೆ ಮುರಿದಿಲ್ಲ, ಮರದ ತಿರುಳಿನ ಕಾಗದ ಆಗಿದ್ರೆ ಇಷ್ಟೊತ್ತಿಗೆ ಹಪ್ಪಳ ಆಗಿರ್ತಿತ್ತು. ಎಫ್ ಥರ ಕಾಣೋ ಉದ್ದ ಎಸ್ ಇಲ್ಲ, ಹಾಗಾಗಿ 1800ರ ಈಚೆಗಿನದು. 1810ರಿಂದ 1850ರ ಒಳಗೆ ಅಂತ ನಾನು, ಇಲ್ಲ 1830ರ ಮೇಲೇ ಇರ್ಬೇಕು, ಈ ದಪ್ಪ ಹೆಡ್ಡಿಂಗ್ ಮೊಳೆ ಅಷ್ಟು ಬೇಗ ಹಳ್ಳಿ ಪ್ರೆಸ್ಸಿಗೆ ಬಂದಿರಲ್ಲ ಅಂತ ಅವರು. ಅಂಗಡಿಯವನಿಗೆ ನಾವು ರೇಟಿಗೆ ಜಗಳ ಆಡ್ತಿದೀವಿ ಅನ್ನಿಸಿರ್ಬೇಕು, ತಾನೇ 10ಕ್ಕೆ ಇಳಿಸಿದ.

ಹಿಂದುಗಡೆ ಯಾರೋ ಪೆನ್ಸಿಲಲ್ಲಿ ಲೆಕ್ಕ ಮಾಡಿದಾರೆ, ಕೂಡಿದ್ದು, ಗೆರೆ ಎಳೆದದ್ದು, ಉತ್ತರ ಹೊಡೆದು ಹಾಕಿ ಮತ್ತೆ ಬರೆದಿದ್ದು. ಅದನ್ನೂ ಕ್ಯಾಟಲಾಗಲ್ಲಿ ಬರೀತೀನಿ, ಒರೆಸಿ ಕ್ಲೀನ್ ಮಾಡೋರನ್ನ ಕಂಡ್ರೆ ನಂಗೆ ಆಗಲ್ಲ.

ಮನೆಗೆ ಬಂದ್ಮೇಲೆ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಆ ಹಾಳೆಗೆ ಸಾಲು ತುಂಬಿದ್ದು ಹೀಗೆ: ಮೊದಲ ಸಾಲು, ಮೀಟರ್, ಎರಡು ಕಾಲಂ, ಮಧ್ಯೆ ಉದ್ದ ಗೆರೆ, ಉದ್ದಗಲ ಸೆಂಟಿಮೀಟರಲ್ಲಿ, ಸ್ಥಳ ಇಲ್ಲ, ಮುದ್ರಕ ಇಲ್ಲ, ಇಸವಿ ಚೌಕ ಬ್ರಾಕೆಟ್ಟಲ್ಲಿ ಪ್ರಶ್ನಾರ್ಥಕ ಚಿಹ್ನೆ ಜೊತೆ, ಹಿಂಬದಿ ಪೆನ್ಸಿಲ್ ಲೆಕ್ಕ. ಮಾವ ಪಕ್ಕ ಕೂತು, ಇಷ್ಟಕ್ಕೆ ಮುಗೀಲಿಲ್ಲ, ಮೊಳೆ ಸವೆದಿದ್ದು, ಅಕ್ಷರ ಜಾರಿದ್ದು, ಗೆರೆ ಮುರಿದಿದ್ದು ಇದಕ್ಕೆಲ್ಲಾ ಒಂದು ಕಾಲಂ ಹಾಕಿ ಅಂದ್ರು. ಹಾಕ್ದೆ. ಹಾಕಿದ್ಮೇಲೆ ಹಳೇ ಡಬ್ಬದಲ್ಲಿರೋ ಪ್ರತಿ ಹಾಳೆಯನ್ನೂ ತೆಗೆದು ಮತ್ತೆ ನೋಡ್ಬೇಕಲ್ಲ, ಭೂತಕನ್ನಡಿ ಅವರ ಕೈಲಿ, ಕೀಬೋರ್ಡ್ ನನ್ನ ಕೈಲಿ, ದಿನಾ ರಾತ್ರಿ ಒಂದಷ್ಟು ಆಗುತ್ತೆ. ಸದ್ಯಕ್ಕೆ ಡಿ ಮಾರ್ಸನ್ 54ನೇ ನಂಬರಿನ ಹಾಳೆಗಳಲ್ಲಿದೀವಿ, ಬಲಗಡೆ ಅಂಚಿನ ಗೊಂಬೆಯ ಕಾಲು ಕೆಲವದರಲ್ಲಿ ಇದೆ, ಕೆಲವದರಲ್ಲಿ ಇಲ್ಲ, ಅವರ ವಾಪಸ್ ಟಿಕೆಟ್ ಮುಂದಿನ ತಿಂಗಳಿಗಿದೆ.